ಅರಿವಿ ಕಾಯುವ ಕಾಕಾ

ಲೋಕದಲ್ಲಿ ಅರಿವಿ ಉಡುವವರು, ಅರಿವಿ ಒಗೆಯುವವರು ಎಂಬ ಎರಡೇ ಜಾತಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಮೂರನೆಯದೊಂದಿದೆ: ಅರಿವಿ ಕಾಯುವವರು. ಇವರು ತಾವು ಉಡುವುದಿಲ್ಲ, ಉಟ್ಟವರನ್ನು ನೆಮ್ಮದಿಯಿಂದ ಕೂಡಲು ಬಿಡುವುದೂ ಇಲ್ಲ. ಮದುವೆಯ ಪಂಕ್ತಿಯಲ್ಲಿ ಎಲ್ಲರ ಕಣ್ಣು ಎಲೆಯ ಮೇಲಿದ್ದರೆ ಇವರ ಕಣ್ಣು ಸಾರಿನ ಬಕೀಟು ಹಿಡಿದು ಬರುವ ಹುಡುಗನ ಕೈಯ ಮೇಲೆ. ಊರಿಗೊಬ್ಬರಂತೆ ಹಂಚಿಹೋಗಿರುವ ಈ ಮಹನೀಯರಲ್ಲಿ ಅಂಕಲಗಿಯ ಪಾಲಿಗೆ ಬಂದವರು ನಮ್ಮ ಕಾಕಾ.

ಕಾಕಾಗೆ ಈ ಅಧಿಕಾರ ಬಂದದ್ದು ಗೋಕಾಕ ಫಾಲ್ಸಿನ ನೂಲಿನ ಗಿರಣಿಯಿಂದ. ಘಟಪ್ರಭೆಯ ನೀರನ್ನು ನಂಬಿ 1885ರಲ್ಲಿ ಹುಟ್ಟಿದ ಗಿರಣಿ ಅದು. ಅಲ್ಲಿ ಪಾಳಿ ಮಾಡಿ ನಿವೃತ್ತರಾದ ಮೇಲೆ ಎದುರಿಗೆ ಬಂದವರ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೂಲಿನ ನಂಬರು ಹೇಳುವುದು ಅವರಿಗೆ ಚಟವಾಯಿತು. ಒಂದು ಪೌಂಡು ನೂಲಿನಲ್ಲಿ 840 ಗಜದ ಲಡಿಗಳು ನಲವತ್ತು ಬಂದರೆ ಅದು ನಲವತ್ತನೇ ನಂಬರು. ನಂಬರು ಏರಿದಷ್ಟೂ ನೂಲು ಸಣ್ಣ, ಕಾಕಾರ ಮರ್ಯಾದೆ ಹೆಚ್ಚು. ನನ್ನ ಅಂಗಿಯನ್ನು ಮುಟ್ಟಿ ನೋಡಿ, ಕೈ ಒರೆಸಿಕೊಂಡು ಅವರು ಕೊಟ್ಟ ತೀರ್ಪು ಇಷ್ಟೇ: “ಇದು ನೂಲಲ್ಲ ತಮ್ಮಾ, ಪ್ಲಾಸ್ಟಿಕ್. ಹೆಂಗರ ಒಗಿ, ಕಲ್ಲಿಗಿ ಬಡಿ, ನನ್ನ ಕೇಳಬ್ಯಾಡ.” ಅಂಗಿಯ ಜೊತೆ ನನ್ನ ಅಂತಸ್ತೂ ಅಂದೇ ತೀರ್ಮಾನವಾಯಿತು.

ಅವರ ಕಾನೂನುಗಳು ಬಹಳ. ರೇಷ್ಮೆಗೆ ಸಾಬಣ ಕೂಡದು, ಅಂಟವಾಳಕಾಯಿಯ ನೊರೆಯೇ ಆಗಬೇಕು. ಬೋರಿನ ನೀರು ಗಡಸು, ಆದ್ದರಿಂದ ಮಳೆಗಾಲದಲ್ಲಿ ಮಾಳಿಗೆಯಿಂದ ಬಿದ್ದ ನೀರಿಗೆ ಒಂದು ಬ್ಯಾರಲ್ಲು ಮೀಸಲು. ಮೊಮ್ಮಕ್ಕಳು ಅದರಲ್ಲಿ ಕಾಗದದ ದೋಣಿ ಬಿಡುವಂತಿಲ್ಲ. ಹಿಂಡುವುದು ಮಹಾಪಾಪ. ಒದ್ದೆ ಸೀರೆಯನ್ನು ಟಾವೆಲಿನಲ್ಲಿ ಸುರುಳಿ ಸುತ್ತಿ ಮೆಲ್ಲಗೆ ಒತ್ತಬೇಕು. ಡಾಂಬರಗುಳಿಗೆ ಜರಿಗೆ ತಾಗಬಾರದು. ಇದನ್ನೆಲ್ಲ ತಪ್ಪು ಅನ್ನುವಂತಿಲ್ಲ, ಅದೇ ನಮ್ಮ ದುಃಖ. ರೇಷ್ಮೆಯೂ ನಮ್ಮ ತಲೆಗೂದಲಿನ ಹಾಗೆ ಪ್ರೋಟೀನು; ಸೋಡಾ ಬೆರೆತ ಸಾಬಣ ಅದರ ಹೊಳಪನ್ನೂ ಬಲವನ್ನೂ ತಿನ್ನುತ್ತದೆ. ತಪ್ಪು ಹೇಳುವವರೊಡನೆ ಜಗಳವಾದರೂ ಆಡಬಹುದು. ಸರಿಯಾದದ್ದನ್ನೇ ದಿನವಿಡೀ ಹೇಳುವವರನ್ನು ಏನು ಮಾಡುವುದು?

ಎಲ್ಲ ಕಾನೂನುಗಳ ಮೇಲೊಂದು ಮೂಲಮಂತ್ರ: “ರೇಷ್ಮಿಗಿ ಬಿಸಲ ತೋರಸಬ್ಯಾಡ.” ಅದಕ್ಕೂ ಒಮ್ಮೆ ಪರೀಕ್ಷೆ ಬಂತು.

ವೈನಿ, ಅಂದರೆ ಕಾಕಾರ ಸೊಸೆ, ಹಾಲುಬಣ್ಣದ ರೇಷ್ಮೆ ಸೀರೆ ಉಟ್ಟು ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದರು. ಅರಿಷಿಣದ ಭಂಡಾರ ಹಾರಿಸುವ ಜಾತ್ರೆ ಅದು. ಹೋದವರೆಲ್ಲ ಹಳದಿಯಾಗಿಯೇ ಬರುತ್ತಾರೆ. ವೈನಿ ಮನೆಗೆ ಬಂದವರು ಮಾವನ ಕಣ್ಣಿಗೆ ಬೀಳುವ ಮೊದಲೇ ಬಚ್ಚಲಿಗೆ ಹೋಗಿ ಕಲೆಗೆ ಸಾಬಣ ತಿಕ್ಕಿದರು. ಹಳದಿ ಇದ್ದದ್ದು ರಕ್ತಗೆಂಪಾಯಿತು. ಅವರು ಕಿರುಚಿದ ಕೂಗಿಗೆ ನಾವೆಲ್ಲ ಹಾವೇ ಬಂತೆಂದು ಓಡಿದೆವು.

ಕಾಕಾ ಮಾತ್ರ ಸಾವಕಾಶ ಬಂದರು. ನೋಡಿದರು. “ಸಾಬಣ ಹಚ್ಚಿದಿ?” ವೈನಿ ನೆಲ ನೋಡಿದರು. “ಯವ್ವಾ, ಅರಿಷಿಣಕ್ಕ ಸುಣ್ಣ ಕೂಡಿಸಿದರ ಏನಾಕ್ಕೈತಿ? ಕುಂಕುಮ ಆಕ್ಕೈತಿ. ಸಾಬಣದಾಗೂ ಅದ ಖಾರ ಐತಿ. ನೀ ಸೀರಿ ಮ್ಯಾಲ ಕುಂಕುಮ ಮಾಡೀದಿ.” ಲಿಂಬೆರಸ ಬೆರೆಸಿದ ತಣ್ಣೀರು ಮುಟ್ಟಿಸಿದರು, ಕೆಂಪು ಮರಳಿ ಹಳದಿಯಾಯಿತು. ಅಲ್ಲಿಗೆ ಕಾಕಾರ ಮುಖ ಬಾಡಿತು. ಅರಿಷಿಣದ ಬಣ್ಣವನ್ನು ತಿನ್ನುವುದು ಬಿಸಿಲು, ಅದು ಅವರಿಗೂ ಗೊತ್ತು. ರೇಷ್ಮೆಗೆ ಬಿಸಿಲಾಗದು, ಕಲೆಗೆ ಬಿಸಿಲೇ ಬೇಕು.

ಕೊನೆಗೆ ಅಂಗಳಕ್ಕೆ ಹೊರಸು ಬಂತು, ಅದರ ಮೇಲೆ ಬಿಳಿ ಧೋತರ, ಧೋತರದ ಮೇಲೆ ಸೀರೆ. ಕಲೆಯೊಂದನ್ನು ಬಿಟ್ಟು ಉಳಿದ ಸೀರೆಗೆಲ್ಲ ನೆರಳಾಗುವಂತೆ ಛತ್ರಿ ಹಿಡಿಯಬೇಕು, ಸೂರ್ಯ ಸರಿದಂತೆ ಛತ್ರಿಯೂ ಸರಿಯಬೇಕು. ಆ ಕೆಲಸಕ್ಕೆ ಸಿಕ್ಕವನು ಬೆಳಗಾವಿಯಿಂದ ರಜೆಗೆ ಬಂದಿದ್ದ ನಾನು. ಎರಡು ಡಿಗ್ರಿ ಮಾಡಿದ ನಾನು ತಲೆಗೆ ಟಾವೆಲು ಸುತ್ತಿಕೊಂಡು ಸುಡುಬಿಸಿಲಲ್ಲಿ ಸೀರೆಗೆ ಛತ್ರಿ ಹಿಡಿದು ನಿಂತೆ. “ಒಂದ ಬೆರಳ ಈಕಡೆ, ಹಾಂ, ಸಾಕ ಸಾಕ” ಎಂದು ಕಾಕಾ ಕಟ್ಟೆಯ ನೆರಳಿನಿಂದ ಅಪ್ಪಣೆ ಕೊಡುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಏನೂ ಕೇಳದೆ ಹೋದರು. ಕೇಳಿದ್ದರೇ ವಾಸಿಯಿತ್ತು. ಸಂಜೆ ಹೊತ್ತಿಗೆ ಕಲೆ ಗೊತ್ತಿದ್ದವರಿಗಷ್ಟೇ ಕಾಣುವಷ್ಟು ತಿಳಿಯಾಯಿತು. ಕಾಕಾರಿಗೆ ಮಾತ್ರ ಅದು ಇವತ್ತಿಗೂ ಮನೆಯ ಬಾಗಿಲಿನಿಂದಲೇ ಕಾಣುತ್ತದೆ.

ಕಟ್ಟೆಯ ಇನ್ನೊಂದು ತುದಿಯಲ್ಲಿ ಶೇಂಗಾ ಸುಲಿಯುತ್ತಿದ್ದ ಕಾಕು, ಅಂದರೆ ಕಾಕಾರ ಹೆಂಡತಿ, ಅಂದು ಒಂದೇ ಮಾತು ಆಡಿದರು: “ರೀ, ಆ ಸೀರಿಗಿ ಹಿಡದಂಗ ಒಂದ ದಿನ ನನಗೂ ಛತ್ರಿ ಹಿಡೀರಿ, ಹೊಲದಾಗ.”

ಕಾಕು ಹಾಗೆ ಅನ್ನಲು ಕಾರಣವಿದೆ. ಅವರ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ದಾಳಿಂಬೆ ಕೆಂಪಿನ ಇಳಕಲ್ ಸೀರೆ ತಂದಿದ್ದರು. ಮೈ ಹತ್ತಿ, ದಡಿ ರೇಷ್ಮೆ, ಸೆರಗಿಗೆ ಟೋಪ ತೆನಿ. ಇಳಕಲ್ಲಿನ ನೇಕಾರರು ಮೈಯ ಹಾಸು ಎಳೆಗಳನ್ನು ಸೆರಗಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒದ್ದೆ ಸೀರೆಯನ್ನು ಸೆರಗು ಹಿಡಿದು ನೇತು ಹಾಕಿದರೆ ಇಡೀ ಭಾರ ಆ ಕೊಂಡಿಯ ಮೇಲೆ ಎಂದು ಕಾಕಾ ಅದನ್ನು ಹಗ್ಗಕ್ಕೂ ಹಾಕಗೊಟ್ಟವರಲ್ಲ. ಕುಬಸದ ದಿನ ಅವರಿಗೆ ರಜೆ ಸಿಗಲಿಲ್ಲ. ಪಾಳಿ ಮುಗಿಸಿ ಊರಿಗೆ ಬರುವಷ್ಟರಲ್ಲಿ ಕಾಕು ಸೀರೆ ಬಿಚ್ಚಿ ಮಡಚಿಟ್ಟಿದ್ದರು. ಕಾಕಾ ಆ ಸೀರೆಯನ್ನು ಮೊದಲು ನೋಡಿದ್ದೇ ಮಡಿಕೆಯಲ್ಲಿ.

ಆಮೇಲೂ ಮಡಿಕೆಯಲ್ಲೇ ನೋಡುತ್ತ ಬಂದಿದ್ದಾರೆ. ಜಾತ್ರೆಗೆ ಬೇಡ, ಭಂಡಾರ ಬೀಳುತ್ತದೆ. ಮದುವೆಗೆ ಬೇಡ, ಸಾರು ಚೆಲ್ಲುತ್ತದೆ. ವರ್ಷಕ್ಕೊಮ್ಮೆ ದಸರೆಯ ಮುಂದೆ ತಿಜೂರಿಯಿಂದ ತೆಗೆದು, ಗಾಳಿಗೆ ಆಡಿಸಿ, ಹಳೆಯ ಗೆರೆಯಲ್ಲಿ ನೂಲು ಮುರಿಯದಂತೆ ಹೊಸ ಗೆರೆಗೆ ಮಡಚಿ, ಮೆತ್ತನೆಯ ಹಳೇ ಧೋತರದಲ್ಲಿ ಸುತ್ತಿಡುತ್ತಾರೆ. ಆಗ ಅವರು ಯಾರನ್ನೂ ಬಯ್ಯುವುದಿಲ್ಲ. ಕಾಕು ಪಾಲಿಯೆಸ್ಟರ್ ಪತ್ತಲ ಉಟ್ಟು ಎಲ್ಲ ಮದುವೆಗೂ ಹೋಗಿ ಬರುತ್ತಾರೆ. ಬಣ್ಣ ಹೋಗದ, ದಡಿ ಹರಿಯದ ಆ ಇಳಕಲ್ ಸೀರೆ ಕಾಕುವಿನ ಮೈಮೇಲೆ ಹೇಗೆ ಕಾಣುತ್ತದೆಂದು ಕಾಕಾರಿಗೆ ಗೊತ್ತಿಲ್ಲ.

ಇರಲಿ. ನಿಮ್ಮ ಮನೆಯ ರೇಷ್ಮೆಗೆ ಭಂಡಾರ ಬಿದ್ದರೆ ಮೊದಲು ಒಣಪುಡಿ ಝಾಡಿಸಿ, ತಣ್ಣೀರು ಮುಟ್ಟಿಸಿ, ಸಾಬಣದ ಹತ್ತಿರ ಹೋಗಬೇಡಿ. ಸಲಹೆ ಬೇಕೆಂದರೆ ಅಂಕಲಗಿಗೆ ಬನ್ನಿ, ಕಾಕಾ ಕೇಳದೆಯೂ ಕೊಡುತ್ತಾರೆ. ಛತ್ರಿ ಹಿಡಿಯುವವರನ್ನು ಮಾತ್ರ ನೀವೇ ಕರೆದುಕೊಂಡು ಬನ್ನಿ.