ಕೂರುವುದೇ ಕಾಯಕ

ನನ್ನ ದೇಹ ಯಾವುದಾದರೂ ಕೆಲಸಕ್ಕೆ ಬಂದೀತೆಂದು ಮನೆಯವರು ಯಾರೂ ನಂಬಿರಲಿಲ್ಲ. ಆರಡಿ ಎತ್ತರ, ಅದಕ್ಕೆ ತಕ್ಕ ಸುತ್ತಳತೆ. ಮದುವೆಮನೆಯ ಹುಡುಗರು ನನಗೆಂದು ಪ್ಲಾಸ್ಟಿಕ್ ಕುರ್ಚಿ ತಂದರೆ ಒಂದರೊಳಗೊಂದು ಎರಡು ಸೇರಿಸಿಯೇ ಇಡುತ್ತಾರೆ. ಆದರೆ ರಿಂಗ್ ರಸ್ತೆ ಪಕ್ಕದ ಜಮೀನು ಸೈಟುಗಳಾಗಿ, ನನ್ನ ಭಾವಮೈದನಿಗೆ ದೊಡ್ಡ ಎಸ್‌ಯುವಿ ಕೊಳ್ಳುವ ಆಸೆ ಹುಟ್ಟಿದ್ದೇ ತಡ, ಈ ಗಾತ್ರಕ್ಕೆ ಮರ್ಯಾದೆ ಬಂತು. "ಭಾವ, ನೀವೂ ಬನ್ನಿ. ನೀವು ಕೂತ್ರೆ ಊರೇ ಕೂತ ಹಾಗೆ" ಎಂದ. ಅವಮಾನವಾಗಬೇಕಿತ್ತು. ನಾನು ಹೋಗಿ ಅಳತೆ ಟೇಪು ಕೊಂಡುತಂದೆ.

ಕಾರು ತಯಾರಕರ ಬಳಿಯೂ ನನ್ನಂಥವನೊಬ್ಬ ಇದ್ದಾನೆಂದು ಓದಿ ತಿಳಿದಾಗ ಎದೆ ಇನ್ನಷ್ಟು ಉಬ್ಬಿತು. ಅವನ ಹೆಸರು ಎಚ್-ಪಾಯಿಂಟ್ ಯಂತ್ರ. ಅಮೆರಿಕದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆಯ ಮಾನದಂಡದಲ್ಲಿ ಅವನಿಗೆ ಸ್ಥಾನವಿದೆ. ಬೆನ್ನು, ತೊಡೆ, ಕಾಲುಗಳಿರುವ ಅವನನ್ನು ಸೀಟಿನಲ್ಲಿ ಕೂರಿಸಿ, ಮೇಲೆ ತೂಕದ ಬಿಲ್ಲೆಗಳನ್ನು ಹೇರುತ್ತಾರೆ. ಸೊಂಟದ ಕೀಲು ಎಲ್ಲಿ ಬಂದು ನಿಲ್ಲುತ್ತದೋ ಅದನ್ನೇ ಆಧಾರವಾಗಿಟ್ಟುಕೊಂಡು ಕಾಲಿನ ಜಾಗ, ತಲೆಯ ಜಾಗ ಲೆಕ್ಕ ಹಾಕುತ್ತಾರೆ. ಅವನಿಗೆ ತಲೆಯೂ ಇಲ್ಲ, ಕೈಯೂ ಇಲ್ಲ. ಭಾವಮೈದ ನನ್ನಿಂದ ಬಯಸಿದ್ದೂ ಹೆಚ್ಚುಕಡಿಮೆ ಅಷ್ಟನ್ನೇ.

ಆದರೆ ಆ ಯಂತ್ರಪುರುಷ ಚಕ್ಕಳಮಕ್ಕಳ ಹಾಕಿ ಕೂರುವವನಲ್ಲ. ತೊಡೆಯ ಮೇಲೆ ಪುಳಿಯೋಗರೆ ಡಬ್ಬಿ ಇಟ್ಟುಕೊಳ್ಳುವವನೂ ಅಲ್ಲ. ಆ ಕೊರತೆಯನ್ನು ನಾನು ತುಂಬಿದೆ. ಹೋದ ಶೋರೂಮಿನಲ್ಲೆಲ್ಲ ಚಪ್ಪಲಿ ಬಿಟ್ಟು, ಎರಡನೇ ಸಾಲಿನಲ್ಲಿ ಕಾಲು ಮಡಿಚಿ ಕೂತು, ಕಣ್ಣು ಮುಚ್ಚಿ ತೀರ್ಪು ಕೊಟ್ಟೆ. ಟೈ ಕಟ್ಟಿದ ಹುಡುಗರು ಮೊದಮೊದಲು ನಕ್ಕರು. ಭಾವಮೈದನ ಬಜೆಟ್ ಕೇಳಿದ ಮೇಲೆ ನನ್ನ ಚಪ್ಪಲಿಯನ್ನು ಅವರೇ ಜೋಡಿಸಿಟ್ಟರು.

ಟೇಪು ಹಿಡಿದವನಿಗೆ ಜ್ಞಾನೋದಯ ಬೇಗ. ಮರ್ಸಿಡಿಸ್ ಜಿಎಲ್‌ಎಸ್‌ನ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 3135 ಮಿ.ಮೀ., ಬಿಎಂಡಬ್ಲ್ಯೂ ಎಕ್ಸ್7ನದು 3105. ರೇಂಜ್ ರೋವರ್‌ನ ಉದ್ದದ ಮಾದರಿಯಲ್ಲಿ ಇನ್ನೂರು ಮಿಲಿಮೀಟರ್ ಹೆಚ್ಚಿಗೆ ಸಿಗುತ್ತದೆ. ಅದು ಹಿಂದೆ ಕೂರುವ ಯಜಮಾನರ ಕಾಲಿಗೆ. ಡಿಫೆಂಡರ್ 130ರಲ್ಲಿ ಚಕ್ರಗಳ ಅಂತರ 110ರಷ್ಟೇ. ಹಿಂಭಾಗವನ್ನು 340 ಮಿ.ಮೀ. ಎಳೆದು ಎಂಟು ಜನರಿಗೆ ಜಾಗ ಮಾಡಿದ್ದಾರೆ. ವೋಲ್ವೋ ಎಕ್ಸ್‌ಸಿ90 ಎಂದಾಗ "ಅದು ಬಸ್ಸಲ್ವಾ ಭಾವ?" ಎಂದ ಭಾವಮೈದನಿಗೆ, ಆ ಹೆಸರಿನ ಕಾರು, ಬಸ್ಸುಗಳ ಒಡೆತನ 1999ರಲ್ಲೇ ಬೇರೆಯಾಯಿತೆಂದು ತಿಳಿಹೇಳಿದೆ. "ಓ, ಪಾಲಾಗಿದೆ" ಎಂದು ಅವನಿಗೆ ಒಮ್ಮೆಗೇ ಅರ್ಥವಾಯಿತು.

ಅವನಿಗೆ ಅರ್ಥವಾಗದೆ ಉಳಿದದ್ದು ಒಂದೇ. ಎರಡು ಕೋಟಿ ದಾಟುವ ಲ್ಯಾಂಡ್ ಕ್ರೂಸರ್ 300ರ ಚಕ್ರಗಳ ಅಂತರ 2850 ಮಿ.ಮೀ.; ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನದೂ 2850! ಒಂದರಲ್ಲಿ ಏಣಿಯಂಥ ಚಾಸಿಯ ಮೇಲೆ ಉದ್ದುದ್ದ ಮಲಗಿದ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಯಂತ್ರಗಳು. ಇನ್ನೊಂದರಲ್ಲಿ ಎಂಜಿನ್ ಮುಂದೆ ಅಡ್ಡಡ್ಡ ಮಲಗಿ ಜನಕ್ಕೆ ಜಾಗ ಬಿಟ್ಟಿದೆ. "ಎರಡು ಕೋಟಿ ಕಾರಿಗೆ ನಮ್ಮ ರಾಜ್ಯದಲ್ಲಿ ಕಟ್ಟುವ 18% ಲೈಫ್ ಟ್ಯಾಕ್ಸಿನಲ್ಲೇ ಇನ್ನೋವಾ ಬರುತ್ತೆ ಕಣಯ್ಯ" ಎಂದೆ. "ಇನ್ನೋವಾ ಎಲ್ಲರ ಹತ್ರಾನೂ ಇದೆ ಭಾವ" ಎಂದ. ಅಲ್ಲಿಗೆ ಅರ್ಥಶಾಸ್ತ್ರ ಮುಗಿಯಿತು.

ಆಮೇಲೆ ಬಂತು ಮೂರನೇ ಸಾಲು. ಕಾರಿನ ಹೆಸರು ಬೇಡ.

ಗುಂಡಿ ಒತ್ತಿದರು. ಎರಡನೇ ಸಾಲಿನ ಸೀಟು ಗುಂಯ್‌ಗುಡುತ್ತಾ ಬಾಗಿ, ಮುಂದೆ ಸರಿದು ದಾರಿ ಬಿಟ್ಟಿತು. ನಾನು ಮೊದಲು ತಲೆ, ಆಮೇಲೆ ಭುಜ, ಕೊನೆಗೆ ಉಳಿದ ಸಾಮಾನನ್ನು ಕಂತಿನಲ್ಲಿ ಒಳಗೆ ಸಾಗಿಸಿದೆ. ಅಲ್ಲಿ ನೆಲ ಎತ್ತರ. ಕೆಳಗೆ ಹಿಂದಿನ ಆಕ್ಸಲ್, ಸಸ್ಪೆನ್ಷನ್ ಇರಬೇಕಲ್ಲ. ಮೇಲೆ ಚಾವಣಿ ತಗ್ಗು. ನೆಲದ ಜೊತೆ ಸೀಟನ್ನೂ ಏರಿಸಿದರೆ ತಲೆ ಬಡಿಯುತ್ತದೆ, ಏರಿಸದಿದ್ದರೆ ಮಂಡಿ ಏಳುತ್ತದೆ. ಎಂಜಿನಿಯರು ತಲೆ ಉಳಿಸಿ ಮಂಡಿಯನ್ನು ಕೈಬಿಟ್ಟಿದ್ದ. ತೊಡೆಗೆ ಆಸರೆಯಿಲ್ಲದೆ, ಈಳಿಗೆಮಣೆಯ ಮೇಲೆ ತರಕಾರಿ ಹೆಚ್ಚಲು ಕೂತವನಂತೆ ಮಂಡಿಯ ಮೇಲೆ ಗದ್ದವಿಟ್ಟು ಕೂತೆ. ಅಷ್ಟರಲ್ಲಿ ಮುಂದಿನ ಸೀಟು ಗುಂಯ್ ಎಂದು ವಾಪಸಾಯಿತು. ನನ್ನ ಮಂಡಿಗೆ ತಾಗಿ ನಿಂತಿತು. ಯೋಚಿಸಿತು. ಒಂಚೂರು ಹಿಂಜರಿಯಿತು. ಮತ್ತೆ ಬಂದು ತಾಗಿತು. ಅದಕ್ಕೂ ನನಗೂ ಒಂದು ರೀತಿಯ ಪರಿಚಯವಾಯಿತು.

"ಕಂಫರ್ಟಬಲ್ಲಾ ಸರ್?" ಎಂದ ಹುಡುಗ.

"ಆರಾಮ" ಎಂದೆ. ಕಾಯಕದ ಮರ್ಯಾದೆ.

ಆರಾಮ ಎಂದದ್ದೇ ಕಾಫಿ ಬಂತು. ಬಲಗಡೆ ಕಪ್ ಹೋಲ್ಡರ್ ಇತ್ತು. ಅದರಲ್ಲಿ ನಾಜೂಕಾಗಿ ಇಟ್ಟು ಹೋದ. ಹೊಗೆಯಾಡುವ ಫಿಲ್ಟರ್ ಕಾಫಿ, ಮೂಗಿನಿಂದ ಒಂದು ಗೇಣು. ಬಲಗೈ ಎತ್ತಲು ಮೊಣಕೈ ಹಿಂದೆ ಹೋಗಬೇಕು, ಹಿಂದೆ ಗೋಡೆ. ಎಡಗೈ ತರಲು ಮಂಡಿ ಇಳಿಯಬೇಕು, ಕೆಳಗೆ ಜಾಗವಿಲ್ಲ. ಕತ್ತು ಬಗ್ಗಿಸಿ ತುಟಿಯನ್ನೇ ಕಳಿಸೋಣವೆಂದರೆ ಹೊಟ್ಟೆ ಒಪ್ಪಲಿಲ್ಲ. ಅಷ್ಟರಲ್ಲಿ ಮುಂದೆ ಕೂತಿದ್ದ ಭಾವಮೈದ ಮಸಾಜ್ ಗುಂಡಿ ಒತ್ತಿದ. ಅವನ ಬೆನ್ನಿಗೆ ಸುಖವಾದಂತೆಲ್ಲ ನನ್ನ ಮಂಡಿಗೆ ಸುದ್ದಿ ಮುಟ್ಟುತ್ತಿತ್ತು. ಕಾಫಿ ಕೆನೆಗಟ್ಟಿತು. ಅದನ್ನೇ ನೋಡುತ್ತಾ ಕೂತೆ.

ಬಂದ ದಾರಿಯಲ್ಲಿ ಹೊರಬರಲಾಗದು ಎಂದು ತೀರ್ಮಾನವಾಗಿ ಡಿಕ್ಕಿ ತೆರೆದರು. ಸೀಟಿನ ಬೆನ್ನು ಮಡಿಚಿ ನನ್ನನ್ನು ಹಿಂದುಹಿಂದಾಗಿ ಎಳೆದುಕೊಂಡರು. ಪಕ್ಕದಲ್ಲೇ ಯಾರದೋ ಹೊಸ ಕಾರಿಗೆ ಪೂಜೆ ನಡೆಯುತ್ತಿತ್ತು. ತೆಂಗಿನಕಾಯಿ ಎತ್ತಿದ್ದ ಪುರೋಹಿತರ ಕೈ ಗಾಳಿಯಲ್ಲೇ ನಿಂತಿತು. ನಾನು ಪಂಚೆ ಸರಿಮಾಡಿಕೊಂಡು ಅವರಿಗೂ ನಮಸ್ಕಾರ ಮಾಡಿದೆ.

"ಇಲ್ಲಿ ಯಾರು ಕೂರೋದು?" ಎಂದು ಕೇಳಿದೆ. "ಅಮ್ಮ ಕೂತ್ಕೋತಾರೆ ಭಾವ. ಸಣ್ಣಗಿದ್ದಾರೆ, ಅಡ್ಜಸ್ಟ್ ಮಾಡ್ಕೋತಾರೆ."

ನನಗೆ ಅಲ್ಲಿ ನಗು ನಿಂತಿತು. ಅತ್ತೆಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋವು. ಧರ್ಮಸ್ಥಳಕ್ಕೆ ಹೋಗುವಾಗೆಲ್ಲ ಹಿಂದಿನ ಸೀಟು ಅವರದೇ. ಮನೆಯಲ್ಲಿ ಕೊನೆಯ ಪಂಕ್ತಿಯೂ ಅವರದೇ. ನಾನೂ ಎಷ್ಟೋ ಸಲ ಮುಂದೆ ಕೂತು, ಹಿಂದಿನಿಂದ ಬಂದ ಚಕ್ಕುಲಿ ತಿಂದವನೇ. ಸಂಕಟವಾಗಿ, "ಚೆಕ್ ಬರೆಯೋವ್ನು ಮೊದಲು ಮೂರನೇ ಸಾಲಿನಲ್ಲಿ ನಂಜನಗೂಡಿನವರೆಗೆ ಕೂತು ಬರಲಿ" ಎಂದು ಹಟ ಹಿಡಿದೆ. ಕೂತ. ರಸ್ತೆಯ ಮೊದಲ ಹಂಪ್‌ಗೇ ತಲೆ ಬಡಿಯಿತು. ಉಜ್ಜಿಕೊಳ್ಳುತ್ತಾ ಇಳಿದು, "ಚೆನ್ನಾಗಿದೆ. ಅಮ್ಮನಿಗೆ ಧಾರಾಳ" ಎಂದು ಅಡ್ವಾನ್ಸ್ ಕೊಟ್ಟ.

ಕಾರು ಬಂತು. ಧರ್ಮಸ್ಥಳಕ್ಕೆ ಹೊರಡುವ ಬೆಳಿಗ್ಗೆ ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗೆ ಇಣುಕಿ, "ನೀವು ಹೊರಡಿ ಮಗ. ನಾನು ಬಸ್ಸಲ್ಲಿ ಬರ್ತೀನಿ. ಆಧಾರ್ ಕಾರ್ಡು ಬ್ಯಾಗಲ್ಲೇ ಇದೆ" ಎಂದರು. 2023ರ ಜೂನ್‌ನಿಂದ ನಮ್ಮ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಉಚಿತ. ಕಿಟಕಿ ಪಕ್ಕದ ಸೀಟು, ಕಾಲು ಚಾಚಲು ನೆಲ, ಮಾತಿಗೆ ಊರಿನ ಹೆಂಗಸರು.

"ನಾನೂ ನಿಮ್ಮ ಜೊತೆ ಬರ್ತೀನಿ ಅತ್ತೆ" ಎಂದೆ, ಧೀರನಂತೆ.

ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ, ಆಮೇಲೆ ಎಡದಿಂದ ಬಲಕ್ಕೆ ನೋಡಿದರು. ಟೇಪು ಬೇಕಾಗಲಿಲ್ಲ.

"ಬನ್ನಿ ಅಳಿಯಂದಿರೆ, ಅದಕ್ಕೇನು. ಆದ್ರೆ ನೀವು ಮೂರು ಜನ ಕೂರೋ ಸೀಟಲ್ಲಿ ಕೂತ್ಕೊಳ್ಳಿ. ನಾನು ಈ ಕಡೆ ಎರಡು ಜನದ ಸೀಟಲ್ಲಿ ಇರ್ತೀನಿ."