ಟಾರ್ಚ್ ಬೆಳಕಿನಲ್ಲಿ ಲ್ಯಾಪ್‌ಟಾಪ್

ನಮ್ಮನೆ ಮುದಿ ಲ್ಯಾಪ್‌ಟಾಪ್ ಸೋಮವಾರ ಕಣ್ಣು ಬಿಡಲಿಲ್ಲ. ಫ್ಯಾನ್ ಮಾತ್ರ ಗೊರಕೆ ಹೊಡೆಯುತ್ತಿತ್ತು. ಅಂದರೆ ಜೀವ ಇದೆ. ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಚಿತ್ರ ಫಳಫಳ. ಪರದೆಗೆ ಟಾರ್ಚನ್ನು ಓರೆಯಾಗಿ ಹಿಡಿದೆ. ಅಗೋ, ಐಕಾನುಗಳೆಲ್ಲ ಕತ್ತಲಲ್ಲೇ ಹಾಜರು! ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲವಲ್ಲ, ಹಿಂದಿನ ದೀಪ ಆರಿತ್ತು.

"ಇನ್ಮೇಲೆ ಹೀಗೇ ಟಾರ್ಚ್ ಹಿಡ್ಕೊಂಡು ಮೇಲ್ ಓದ್ತೀರಾ?" ಎಂದಳು ಹೆಂಡತಿ.

ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿ ಅಂಗಡಿಯವನೊಬ್ಬ "ಸ್ಕ್ರೀನೇ ಚೇಂಜ್ ಮಾಡ್ಬೇಕು ಸಾರ್" ಎಂದು ಸಾವಿರಗಳಲ್ಲಿ ಮಾತಾಡಿದ. ಪಕ್ಕದಂಗಡಿ ಹುಡುಗ ಬೋರ್ಡಿಗೆ ಮಲ್ಟಿಮೀಟರ್ ಮುಟ್ಟಿಸಿದ. ಸಾಸಿವೆ ಕಾಳಿನಷ್ಟು ಫ್ಯೂಸು ಸುಟ್ಟಿತ್ತು.

"ಬ್ಯಾಟರಿ ತೆಗೀದೆ ಸ್ಕ್ರೀನ್ ಕೇಬಲ್ ಎಳೆದು ಹಾಕಿದ್ಯಾರು ಸಾರ್? ಹಾಗೆ ಮಾಡಿದ್ರೆ ಇದು ಹೋಗುತ್ತೆ."

ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಧೂಳು ಕೊಡವಿದ ಮಹಾನುಭಾವ ನಾನೇ. "ಮಕ್ಕಳು ಕಣಪ್ಪ," ಎಂದೆ. ನಮಗೆ ಮಕ್ಕಳಿಲ್ಲ.