ರಂಗನತಿಟ್ಟಿನ ಸಮಸ್ತ ನಿವಾಸಿಗಳಿಗೆ ಒಬ್ಬ ಟಿಕೆಟ್‌ದಾರನ ಬಹಿರಂಗ ಪತ್ರ

ಮಾನ್ಯ ಮೊಸಳೆ, ಬಾಯ್ಕಳಕ, ಹೆಜ್ಜಾರ್ಲೆ, ನೀರುಕಾಗೆ, ನೀರುನಾಯಿ ಮತ್ತಿತರರೇ,

ವಿಷಯ: ಸೇವಾ ನ್ಯೂನತೆಯ ಕುರಿತು.

ಹೆದ್ದಾರಿಯಲ್ಲಿ ಟೋಲ್ ಕಟ್ಟಿ, ಬೈಪಾಸಿನ ದೆಸೆಯಿಂದ ಮದ್ದೂರು ವಡೆಯನ್ನೂ ತ್ಯಾಗ ಮಾಡಿ, ಶ್ರೀರಂಗಪಟ್ಟಣದ ಬಳಿ ಹೊರಳಿ ನಿಮ್ಮಲ್ಲಿಗೆ ಬರುವ ಬೆಂಗಳೂರಿನವರ ಪರವಾಗಿ ಈ ಪತ್ರ. ನಮಗಿರುವುದು ಒಂದೇ ಭಾನುವಾರ. ನಿಮಗೆ ಏಳೂ ದಿನ ಬಿಡುವು. ಈ ಅಸಮಾನತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಮೊದಲು ಮೊಸಳೆಯವರು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದವರು ದೋಣಿ ಪಕ್ಕಕ್ಕೇ ಬಂದರೂ ಮಿಸುಕಲಿಲ್ಲ. ‘ಅಪ್ಪಾ, ಇದು ಪ್ಲಾಸ್ಟಿಕ್ಕು’ ಎಂದು ನನ್ನ ಮಗ ತೀರ್ಪು ಕೊಟ್ಟ. ‘ಪ್ಲಾಸ್ಟಿಕ್ ಅಲ್ಲ ಕಣಪ್ಪ, ಬಿಸ್ಲು ಕಾಯ್ತಾ ಅದೆ. ಮೈ ಕಾವು ಏರ್ಬಾರ್ದು ಅಂತ ಬಾಯ್ ತಕ್ಕಂಡದೆ’ ಎಂದರು ಹುಟ್ಟು ಹಾಕುತ್ತಿದ್ದ ದೋಣಿಯವರು. ಅದೇ ಬಿಸಿಲಲ್ಲಿ ನಾವೂ ಕೂತಿದ್ದೆವು, ನಾವ್ಯಾರೂ ಬಾಯಿ ತೆರೆದಿರಲಿಲ್ಲ. ತೆರೆದವರು ರೀಲ್ಸ್ ಮಾಡುತ್ತಿದ್ದರು, ಅದು ಬೇರೆ. ಕರ್ನಾಟಕದಲ್ಲಿ ಸಿಹಿನೀರಿನ ಮೊಸಳೆಗಳು ಅತಿ ಹೆಚ್ಚು ಇರುವ ಜಾಗ ಎಂಬ ಹೆಗ್ಗಳಿಕೆ ಬೇರೆ ನಿಮಗೆ. ಅಷ್ಟು ಮಂದಿಯಲ್ಲಿ ಒಬ್ಬರಾದರೂ ಬಾಲ ಅಲ್ಲಾಡಿಸಬಾರದೇ? ಒಂದು ಸಿಳ್ಳೆ ಹಾಕಿದೆ. ದೋಣಿಯವರು ಹುಟ್ಟು ನಿಲ್ಲಿಸಿ, ‘ಸದ್ದು ಮಾಡ್ಬೇಡಿ ಸಾ, ಮೇಲೆ ಗೂಡಲ್ಲಿ ಮರಿ ಅವೆ’ ಎಂದು ಗದರಿದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಗು ಮಲಗಿದಾಗಲೇ ಮೇಲಿನ ಮನೆಯವರು ಗೋಡೆಗೆ ಡ್ರಿಲ್ ಹಾಕುತ್ತಾರೆ. ನಾವು ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲವೇ?

ಇನ್ನು ಬಾಯ್ಕಳಕ. ನಿಮ್ಮ ಕೊಕ್ಕು ಮುಚ್ಚಿದರೂ ಮುಚ್ಚುವುದಿಲ್ಲ, ನಡುವೆ ಬೆಳಕು ಕಾಣುವಷ್ಟು ಸಂದು. ವಿಚಾರಿಸಿದರೆ ಮರಿಗಳ ಕೊಕ್ಕು ನೆಟ್ಟಗೇ ಇರುತ್ತದೆ, ಬೆಳೆಯುತ್ತಾ ಸಂದು ಬಿಡುತ್ತದೆ ಎಂದರು. ಅಂದರೆ ಇದು ತಯಾರಿಕೆಯ ದೋಷವಲ್ಲ, ನಿರ್ವಹಣೆಯ ದೋಷ. ಬಸವನಹುಳುವನ್ನು ಹಿಡಿದು, ಚಿಪ್ಪನ್ನು ಪುಡಿ ಮಾಡದೆ ಒಳಗಿನ ಮಾಂಸವನ್ನು ಎಳೆದುಕೊಳ್ಳಲು ಅಂಥ ಕೊಕ್ಕೇ ಬೇಕಂತೆ. ಇರಲಿ. ನನ್ನ ಆಕ್ಷೇಪ ಆ ಬಸವನಹುಳು ಸಿಗುವ ಜಾಗದ್ದು. ಅದನ್ನು ನೀವು ತಿನ್ನುವುದು ಧಾಮದೊಳಗಲ್ಲ, ಸುತ್ತಲಿನ ಭತ್ತದ ಗದ್ದೆಯಲ್ಲಿ, ನಾಲೆಯ ಬದಿಯಲ್ಲಿ, ಕೆರೆಯಂಗಳದಲ್ಲಿ. ವಾಸ ಇಲ್ಲಿ, ಊಟ ಹೊರಗೆ!

ನಿಮಗಾಗಿ ನಾವು 0.67 ಚದರ ಕಿಲೋಮೀಟರ್ ಬಿಟ್ಟುಕೊಟ್ಟಿದ್ದೇವೆ. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸುವಾಗ ಕೈ ಬಿಚ್ಚಿ 517 ಹೆಕ್ಟೇರ್ ಎಂದು ಬರೆದೆವು. ನಮ್ಮ ಮಟ್ಟಿಗೆ ಕೆಲಸ ಮುಗಿಯಿತು. ನೀವು ಮಾತ್ರ ಬೆಳಗಾಗುತ್ತಲೇ ನಕ್ಷೆಯಾಚೆ ಹಾರಿಬಿಡುತ್ತೀರಿ. ಅಲ್ಲಿ ಗದ್ದೆಗೆ ಔಷಧಿ ಹೊಡೆದರೆ, ಗದ್ದೆಯೇ ಲೇಔಟ್ ಆದರೆ ನಮ್ಮನ್ನು ದೂರಬಾರದು. ಗೇಟಿನ ಹತ್ತಿರ ಬೋರ್ಡು ಹಾಕಿದ್ದೇವೆ. ಓದಲು ಬಾರದಿರುವುದು ನಿಮ್ಮ ತಪ್ಪು. ಅಂದಹಾಗೆ, ‘ಪಕ್ಷಿಧಾಮಕ್ಕೆ ಐದೇ ನಿಮಿಷ’ ಎಂದು ಸೈಟು ಮಾರುವವರು ನಿಮ್ಮ ಹೆಸರನ್ನು ಬೆಳಗುತ್ತಲೇ ಇರುತ್ತಾರೆ. ಅದಕ್ಕಾದರೂ ಕೃತಜ್ಞರಾಗಿರಿ.

ನಿಮ್ಮ ದಾಖಲೆಗಳನ್ನೂ ನೋಡಿದೆ. ಸುಮಾರು 1645-48ರಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದರು. ನೀರು ನಿಂತಿತು, ನಡುವೆ ತಿಟ್ಟುಗಳು ಉಳಿದವು. ಮನುಷ್ಯ ಕಟ್ಟಿದ ಕಟ್ಟೆಯಿಂದ ಹುಟ್ಟಿದ ಜಾಗದಲ್ಲಿ ನೀವು ಯಾರನ್ನೂ ಕೇಳದೆ ಬಂದು ಕೂತಿರಿ. ಸುಮಾರು ಮುನ್ನೂರು ವರ್ಷ ಖಾತೆಯಿಲ್ಲ, ಪಹಣಿಯಿಲ್ಲ, ಶುದ್ಧ ಬಗರ್‌ಹುಕುಂ. 1940ರಲ್ಲಿ ಸಲೀಂ ಅಲಿ ಎಂಬುವರು ಮೈಸೂರು ಅರಸರಿಗೆ ಹೇಳಿ ಪಕ್ಷಿಧಾಮ ಎಂದು ಘೋಷಣೆ ಮಾಡಿಸಿ ಸಕ್ರಮಗೊಳಿಸಿಕೊಟ್ಟರು. ಒಂದು ಅರ್ಜಿಯನ್ನೂ ಹಾಕದೆ ಸಕ್ರಮವಾದ ಪ್ರಕರಣ ಈ ಜಿಲ್ಲೆಯಲ್ಲಿ ಇನ್ನೊಂದಿರಲಾರದು.

ನನ್ನ ಮುಖ್ಯ ತಕರಾರು ನೀರಿನದು. ಕೆಆರ್‌ಎಸ್ 124.80 ಅಡಿ ತುಂಬಿದ ದಿನ ನಮ್ಮಲ್ಲಿ ಹಬ್ಬ. ಮುಖ್ಯಮಂತ್ರಿಗಳು ಬಾಗಿನ ಕೊಡುತ್ತಾರೆ, ಮಂಡ್ಯದ ರೈತ ನೆಮ್ಮದಿಯ ಉಸಿರು ಬಿಡುತ್ತಾನೆ. ಆಮೇಲೆ ಗೇಟು ಎತ್ತುತ್ತಾರೆ. 2019ರಲ್ಲಿ, ಮತ್ತೆ 2024ರಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು. ದೋಣಿ ಬಂದ್, ನಮ್ಮ ಭಾನುವಾರ ನೀರಿನಲ್ಲಿ ಹೋಮ. ನಿಮಗೇನೋ ನಷ್ಟವಾಯಿತಂತೆ: ತಿಟ್ಟಿನ ಅಂಚು ಕುಸಿಯಿತು, ಗೂಡಿದ್ದ ಮರ ಉರುಳಿತು. ಅದಕ್ಕೆ ನಾವು ಮರಳಿನ ಮೂಟೆ ಪೇರಿಸಿ ದ್ವೀಪ ರಿಪೇರಿ ಮಾಡುತ್ತೇವಲ್ಲ! ಮೇಲಿನಿಂದ ಒಮ್ಮೆಲೇ ನೀರು ನುಗ್ಗಿಸುವುದು, ಕೆಳಗೆ ಮೂಟೆ ಇಡುವುದು. ಇದಕ್ಕಿಂತ ಸಮಗ್ರ ಯೋಜನೆ ಎಲ್ಲಿದೆ?

ನಿಜವಾದ ಸಮಸ್ಯೆ ನಿಮ್ಮ ಪಂಚಾಂಗ. ಆಷಾಢ, ಶ್ರಾವಣದಲ್ಲಿ ಹೊಳೆ ಏರುತ್ತದೆ, ಶಿವರಾತ್ರಿ ಹೊತ್ತಿಗೆ ಇಳಿದು ಬಂಡೆ ಬರಿದಾಗುತ್ತದೆ ಎಂದು ನೀವಿನ್ನೂ ನಂಬಿಕೊಂಡಿದ್ದೀರಿ. ಆ ನಂಬಿಕೆಯಲ್ಲೇ ರೀವ ಹಕ್ಕಿ ಬೇಸಿಗೆಯಲ್ಲಿ ಬರಿಯ ಬಂಡೆಯ ಮೇಲೆ, ಮರಳ ಮೇಲೆ ಮೊಟ್ಟೆ ಇಡುತ್ತದೆ. ಒಂದು ಹುಲ್ಲುಕಡ್ಡಿಯ ಆಸರೆಯೂ ಇರುವುದಿಲ್ಲ. ಮೇಲಿನಿಂದ ನೀರು ಬಿಟ್ಟು ಹೊಳೆ ಒಂದಡಿ ಏರಿದರೆ ಆ ವರ್ಷದ ಸಂಸಾರ ಮುಗಿಯಿತು. ಈಗ ಹೊಳೆಯ ಪಂಚಾಂಗ ಬರೆಯುವವರೇ ಬೇರೆ. ನಾಲೆಗಳ ಕಟ್ಟುನೀರು ಪದ್ಧತಿ, ಬೆಂಗಳೂರಿನ ನಲ್ಲಿ, ತಮಿಳುನಾಡಿನ ಪಾಲು, ಪ್ರಾಧಿಕಾರದ ಆದೇಶ. ದಶಕಗಳ ಕಾಲ ಕಾವೇರಿಯ ವ್ಯಾಜ್ಯ ನಡೆದಾಗ ನಿಮ್ಮ ಪೈಕಿ ಯಾರಾದರೂ ವಕಾಲತ್ತು ಹಾಕಿದಿರಾ? ಇಲ್ಲ. ನೀರುಕಾಗೆ ರೆಕ್ಕೆ ಹರಡಿ ಒಣಗಿಸುತ್ತಾ ನಿಂತಿತ್ತು.

ನೀರುನಾಯಿಯವರು ದರ್ಶನವನ್ನೇ ಕೊಡಲಿಲ್ಲ, ಅವರ ಬಗ್ಗೆ ಹೇಳುವುದೇನೂ ಇಲ್ಲ. ನೀರೊಳಗಿನ ಮಹಶೀರ್ ಮೀನಿಗೊಂದು ಮಾತು: ಗುಡಾಣದಂಥ ಬೆನ್ನಿನ ನಿಮ್ಮನ್ನು ಗಾಳಕ್ಕೆ ಸಿಕ್ಕಿಸಿ ಬಿಳಿಯರು ಫೋಟೋ ತೆಗೆಸಿಕೊಂಡು ಶತಮಾನವೇ ಆಯಿತು. ನಿಮ್ಮ ವೈಜ್ಞಾನಿಕ ಹೆಸರು ಇತ್ಯರ್ಥವಾದದ್ದು 2018ರಲ್ಲಿ, ಅಳಿವಿನ ಅಂಚಿನಲ್ಲಿದ್ದೀರಿ ಎಂದು ಪಟ್ಟಿ ಮಾಡಿದ್ದೂ ಅದೇ ವರ್ಷ. ಹೆಸರಿಡುವುದಕ್ಕೂ ತಿಥಿ ಗೊತ್ತುಮಾಡುವುದಕ್ಕೂ ಒಂದೇ ಮುಹೂರ್ತ. ನಮ್ಮ ದಕ್ಷತೆಯನ್ನು ಇನ್ನಾದರೂ ಅನುಮಾನಿಸಬೇಡಿ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿರುವ ನಿಮ್ಮ ನೆಂಟರ ಉದಾಹರಣೆ ಕೊಟ್ಟು ನನ್ನ ಬಾಯಿ ಮುಚ್ಚಿಸಲು ಬರಬೇಡಿ. ಅಲ್ಲಿ ಹೆಜ್ಜಾರ್ಲೆ ಮನೆಯ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತದೆ. ತವರಿಗೆ ಬಾಣಂತನಕ್ಕೆ ಬಂದ ಮಗಳಂತೆ ಅದನ್ನು ಕಾಣುತ್ತಾರೆ, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಟಿಕೆಟ್ ಕೊಂಡವರಲ್ಲ ಅವರು, ಗ್ರಾಹಕರ ಕಷ್ಟ ಅವರಿಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಕೋರುವುದೇನೆಂದರೆ, ಮುಂದಿನ ಭಾನುವಾರದೊಳಗೆ ಮೊಸಳೆಯವರು ಚಲನವಲನ ರೂಢಿಸಿಕೊಳ್ಳಬೇಕು. ಬಾಯ್ಕಳಕಗಳು ಬಸವನಹುಳುವನ್ನು ಧಾಮದೊಳಗೇ ಬೆಳೆಸಿಕೊಳ್ಳಬೇಕು. ರೀವಗಳು ಮೊಟ್ಟೆ ಇಡುವ ಮುನ್ನ ಜಲಾಶಯದ ಒಳಹರಿವು, ಹೊರಹರಿವನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು, ದಿನವೂ ಬರುತ್ತದೆ. ಮೇಲ್ಗಡೆ ಕೆಆರ್‌ಎಸ್‌ನಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕಿನ ಮಾತು ಕೇಳಿಬರುತ್ತಲೇ ಇದೆ. ಅದು ಬಂದರೆ ಅಲ್ಲಿನ ಮೊಸಳೆ ಗುಂಡಿ ಒತ್ತಿದರೆ ಬಾಯಿ ಮುಚ್ಚುತ್ತದೆ. ಸ್ಪರ್ಧೆಗೆ ಸಿದ್ಧರಾಗಿರಿ.

ಇತಿ ನಿಮ್ಮ ವಿಶ್ವಾಸಿ,
ಟಿಕೆಟ್‌ದಾರ

ಪ್ರತಿ: ಕಾವೇರಿ ನದಿಗೆ, ಮಾಹಿತಿಗಾಗಿ ಮಾತ್ರ. ನೀರು ಹರಿಸುವ ಅಧಿಕಾರ ಆಕೆಗಿಲ್ಲ.